ಹಳೆಯ ರೇಡಿಯೋದ ಹಸಿರು ಕಣ್ಣು



ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹಳೆಯ ಮನೆಗಳ ಅಟ್ಟದಲ್ಲಿ ವಾಲ್ವ್ ರೇಡಿಯೋ ಉಳಿದಿದ್ದರೆ, ಅದರ ಮುಖದಲ್ಲಿ ಪುಟ್ಟ ಗಾಜಿನ ಕಣ್ಣೊಂದು ಇದೆಯೇ ನೋಡಿರಿ. ಅದೇ ‘ಮ್ಯಾಜಿಕ್ ಐ’. ಅಮೆರಿಕದ ಅಲೆನ್ ಡುಮಾಂಟ್ 1932ರಲ್ಲಿ ರೂಪಿಸಿದ ಈ ಕೊಳವೆಯನ್ನು ಆರ್‌ಸಿಎ ಕಂಪನಿ 1935ರಲ್ಲಿ ಮಾರುಕಟ್ಟೆಗೆ ತಂದಿತು. ಇಲೆಕ್ಟ್ರಾನುಗಳು ಒಳಲೇಪನಕ್ಕೆ ಬಡಿದಾಗ ಹಸಿರು ಬೆಳಕು ಹೊಮ್ಮುತ್ತದೆ. ನಡುವೆ ಒಂದು ನೆರಳು. ಸಂಕೇತ ಬಲವಾದಂತೆ ನೆರಳು ಕಿರಿದಾಗುತ್ತದೆ.

ನಮ್ಮ ಕರಾವಳಿಗೆ ಇದು ಬರಿಯ ಅಲಂಕಾರವಾಗಿರಲಿಲ್ಲ. ಧಾರವಾಡದ ಆಕಾಶವಾಣಿ 1950ರಲ್ಲಿ, ಬೆಂಗಳೂರಿನದು 1955ರಲ್ಲಿ ಆರಂಭವಾದರೂ ಎರಡೂ ಘಟ್ಟದ ಮೇಲಿನವು, ಸಿಲೋನ್ ಕಡಲಾಚೆಯದು. ದೂರದ ದನಿಯನ್ನು ಹಿಡಿಯಲು ಕಿವಿಗೆ ಕಣ್ಣಿನ ನೆರವು ಬೇಕಿತ್ತು. ಮಂಗಳೂರು ಕೇಂದ್ರ ಬಂದದ್ದು 1976ರಲ್ಲಿ. ಅಷ್ಟರಲ್ಲಿ ಈ ಕಣ್ಣಿಲ್ಲದ ಟ್ರಾನ್ಸಿಸ್ಟರ್ ಮನೆಗಳನ್ನು ಸೇರಿತ್ತು. ಹೀಗೆ ಹಸಿರು ಕಣ್ಣು, ನಮಗೆ ಸ್ವಂತ ಕೇಂದ್ರವಿಲ್ಲದಿದ್ದ ಕಾಲದ ದಾಖಲೆಯಾಗಿ ಉಳಿಯಿತು.

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸಿತು. ಆ ಕಾಲ ಮುಗಿದಿದೆ. ಇಂದಿನ ಸಂಗ್ರಾಹಕರಿಗೆ ಹಳೆಯ ದಾಸ್ತಾನೇ ಗತಿ. ಸವೆದ ಲೇಪನಕ್ಕೆ ಕಾಂತಿ ಮರಳಿ ಬಾರದು. ಆದುದರಿಂದ ಕೆಲವರು ಪ್ರತ್ಯೇಕ ಸ್ವಿಚ್ ಅಳವಡಿಸಿ, ನಿಲ್ದಾಣ ಹುಡುಕುವಾಗ ಮಾತ್ರ ಕಣ್ಣು ಬೆಳಗುವಂತೆ ಮಾಡುತ್ತಾರೆ.

ಅಟ್ಟದಿಂದ ಇಳಿಸಿದ ರೇಡಿಯೋವನ್ನು ನೇರವಾಗಿ ವಿದ್ಯುತ್ತಿಗೆ ಜೋಡಿಸಬೇಡಿರಿ. ಉಪ್ಪುಗಾಳಿಗೆ ಸಂಪರ್ಕಗಳು ಕಿಲುಬು ಹಿಡಿದಿರುತ್ತವೆ. ಹಳೆಯ ಕಾಗದದ ಕೆಪಾಸಿಟರುಗಳು ಸೋರುತ್ತಿರುತ್ತವೆ. ಬಲ್ಲವರಿಂದ ಮೊದಲು ಅವನ್ನು ಬದಲಿಸಿರಿ. ಗುಜರಿಗಂತೂ ಕೊಡಲೇಬೇಡಿರಿ. ಕೆಪಾಸಿಟರು ಇಂದೂ ಅಂಗಡಿಯಲ್ಲಿ ಸಿಗುತ್ತದೆ, ಆ ಕಣ್ಣು ಸಿಗುವುದಿಲ್ಲ.