ಹೆಬ್ಬೆಟ್ಟಿನಿಂದ ಓಟಿಪಿಯವರೆಗೆ

ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿ ರಜತ ಮಹೋತ್ಸವ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಸಹಕಾರ ಚಳವಳಿ ಹುಟ್ಟಿದ್ದಾದರೂ ಏಕೆ ಎಂಬುದನ್ನು ನಾವೆಲ್ಲರೂ ಒಮ್ಮೆ ನೆನೆಯಬೇಕಾಗಿದೆ.

ಹಿಂದೆ ರೈತನಿಗೆ ಸಾಲ ಬೇಕಾದರೆ ಸಾಹುಕಾರನೇ ಗತಿ. ಓದಲು ಬಾರದ ರೈತ, ಅವನು ಬರೆದ ಪತ್ರಕ್ಕೆ ಗುರುತು ಹಾಕಿಯೋ ಹೆಬ್ಬೆಟ್ಟು ಒತ್ತಿಯೋ ಬರುತ್ತಿದ್ದ. ಐವತ್ತು ಕೊಟ್ಟು ನೂರು ಅಂತ ಬರೆದುಕೊಂಡರೂ ಕೇಳುವವರಿರಲಿಲ್ಲ. 1875ರಲ್ಲಿ ಪುಣೆ ಜಿಲ್ಲೆಯ ಸೂಪಾದಲ್ಲಿ ರೈತರು ರೊಚ್ಚಿಗೆದ್ದು ಸಾಲಪತ್ರಗಳನ್ನೇ ಸುಟ್ಟರು. 1879ರಲ್ಲಿ ಸರ್ಕಾರ ದಖನ್ ಕೃಷಿಕರ ಪರಿಹಾರ ಕಾಯಿದೆ ತಂದು, ಅಂಥ ಪತ್ರಗಳನ್ನು ಗ್ರಾಮ ರಿಜಿಸ್ಟ್ರಾರರ ಎದುರಿಗೇ ಬರೆಯಬೇಕೆಂದು ವಿಧಿಸಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ನಮ್ಮ ನಾಡಿನ ಮೊದಲ ಸಂಘ ಕಟ್ಟಿದರು. ಒಬ್ಬನೇ ಸಿಕ್ಕರೆ ಮೋಸ, ಹತ್ತು ಜನ ಕೂಡಿ ಲೆಕ್ಕ ನೋಡಿದರೆ ಮೋಸಕ್ಕೆ ಜಾಗವಿಲ್ಲ. ಇದೇ ಸಂಘದ ಗುಟ್ಟು.

2016ರಲ್ಲಿ ಯುಪಿಐ ಬಂದ ಮೇಲೆ ಹಣ ಮೊಬೈಲಿಗೇ ಬಂತು, ಹಿಂದೆಯೇ ಮೋಸಗಾರನೂ ಬಂದ. ಇಂದಿನ ಹೆಬ್ಬೆಟ್ಟು ಎಂದರೆ ಓಟಿಪಿ ಮತ್ತು ಪಿನ್. ನಮ್ಮ ಸದಸ್ಯರೊಬ್ಬರು ಮಗಳ ಮದುವೆಗೆ ಕೂಡಿಟ್ಟ ಹಣವನ್ನು ಹೀಗೇ ಕಳೆದುಕೊಂಡರು. "ನಿಮ್ಮ ಮೇಲೆ ಕೇಸಾಗಿದೆ, ಫೋನ್ ಇಡಬೇಡಿ, ಮನೆಯವರಿಗೂ ಹೇಳಬೇಡಿ" ಅಂತ ವಿಡಿಯೋ ಕರೆಯಲ್ಲಿ ಪೊಲೀಸ್ ವೇಷದವನು ಹೆದರಿಸಿದ. ನಾಚಿಕೆಯಿಂದ ಅವರು ಎರಡು ದಿನ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಹಣ ಕೈದಾಟಿ ಹೋಗಿತ್ತು.

ಆದ್ದರಿಂದ ಬಂಧುಗಳೇ, ಇಷ್ಟು ನೆನಪಿಡೋಣ. "ಡಿಜಿಟಲ್ ಅರೆಸ್ಟ್" ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಓಟಿಪಿಯನ್ನು ಬ್ಯಾಂಕಿನವರು ಕೇಳುವುದಿಲ್ಲ. ಗೊತ್ತಿಲ್ಲದವರು ಕಳಿಸಿದ ಲಿಂಕು, ಆ್ಯಪುಗಳನ್ನು ಮುಟ್ಟಬಾರದು. ಮೋಸವಾದರೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಹಣ ಮುಂದಿನ ಖಾತೆಗೆ ಹಾರುವ ಮೊದಲೇ ತಡೆಹಿಡಿಯಲು ಆಗ ಅವಕಾಶವಿರುತ್ತದೆ.

"ಯಾರಿಗೂ ಹೇಳಬೇಡಿ" ಅಂದನೆಂದರೆ ಅಲ್ಲೇ ಮೋಸವಿದೆ ಎಂದು ತಿಳಿಯಬೇಕು. ಅಂಥ ಕರೆ ಬಂದಾಗ ಫೋನ್ ಇಟ್ಟು, ಪಕ್ಕದ ಮನೆಯವರನ್ನು ಕೇಳಿ, ಇಲ್ಲವೇ ನಮ್ಮ ಸಂಘದ ಕಚೇರಿಗೆ ಬನ್ನಿ. ಮೋಸ ಮಾಡಿದವನಿಗಿಲ್ಲದ ನಾಚಿಕೆ ಮೋಸಹೋದವರಿಗೇಕೆ? ಹಿರಿಯರು ಹತ್ತು ಜನ ಕೂಡಿದ್ದು ಇದಕ್ಕೇ.