ಬೀದಿಯ ಅಪರಿಚಿತರೂ ಛಾಯಾಚಿತ್ರಕಲೆಯೂ

ದಾರಿಯಲ್ಲಿ ಎದುರಾದ ಅಪರಿಚಿತನ ಮುಖವನ್ನು ಒಂದು ಕ್ಷಣ ನೋಡಿ ಕಣ್ಣು ತಿರುಗಿಸುವುದು ಲೋಕದಲ್ಲಿ ನಡೆದುಬಂದಿರುವ ಮರ್ಯಾದೆ. ನೆಟ್ಟ ನೋಟದಿಂದ ನೋಡುತ್ತ ನಿಲ್ಲುವುದು ಅಸಭ್ಯತೆ ಎನಿಸುವುದು. ಆದರೆ ಛಾಯಾಚಿತ್ರಕಾರನ ಕಾರ್ಯವು ಆ ನೆಟ್ಟ ನೋಟವೇ. ಅಷ್ಟೇ ಅಲ್ಲದೆ ಆ ನೋಟವನ್ನು ಸ್ಥಿರಗೊಳಿಸಿ, ಕಂಡು ಕೇಳದ ಸಾವಿರಾರು ಜನರ ಮುಂದೆ ಇಡುವುದು. ಮೊದಲ ಸಲ ಕ್ಯಾಮೆರಾ ಹಿಡಿದು ಬೀದಿಗಿಳಿದವನ ಮನಸ್ಸು ಅಳುಕುವುದು ಈ ಕಾರಣದಿಂದಲೇ. ಈ ಕಲೆಯ ಮೊದಲ ನೂರು ವರ್ಷಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಯಂತ್ರವು ಸುಧಾರಿಸಿದಂತೆಲ್ಲ ಆ ಅಳುಕು ಕಡಿಮೆಯಾಗದೆ, ಹೊಸ ಹೊಸ ವೇಷಗಳನ್ನು ಧರಿಸಿದ ಸಂಗತಿಯು ಕಂಡುಬರುವುದು.

ಪ್ಯಾರಿಸ್ ನಗರದ ಲೂಯಿ ಡಾಗೇರ್ ಎಂಬ ಚಿತ್ರಕಾರನು ೧೮೩೮ರಲ್ಲಿ ಎತ್ತರದ ಕಿಟಕಿಯೊಂದರಿಂದ ಬುಲ್‌ವಾರ್ ದು ತಾಂಪ್ಲ್ ಎಂಬ ಹೆದ್ದಾರಿಯ ಬಿಂಬವನ್ನು ಬೆಳ್ಳಿಯ ಲೇಪವುಳ್ಳ ತಾಮ್ರದ ತಗಡಿನ ಮೇಲೆ ಹಿಡಿದನು. ಗಾಡಿಗಳೂ ಪಾದಚಾರಿಗಳೂ ಎಡೆಬಿಡದೆ ಸಂಚರಿಸುತ್ತಿದ್ದ ಬೀದಿಯದು. ಆದರೆ ಬಿಂಬವು ಮೂಡಲು ಹಲವು ನಿಮಿಷಗಳು ಬೇಕಾಗಿದ್ದುದರಿಂದ, ಚಲಿಸುತ್ತಿದ್ದ ಯಾವುದೂ ತಗಡಿನ ಮೇಲೆ ನಿಲ್ಲಲಿಲ್ಲ. ಜನನಿಬಿಡವಾದ ಬೀದಿಯು ನಿರ್ಜನವಾಗಿ ತೋರಿತು. ಬೂಟು ಒರೆಸುವವನ ಪೆಟ್ಟಿಗೆಯ ಮೇಲೆ ಕಾಲಿಟ್ಟು ನಿಂತಿದ್ದ ಒಬ್ಬನು ಮಾತ್ರ ಉಳಿದುಕೊಂಡನು. ಛಾಯಾಚಿತ್ರದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯನು ಇವನೇ ಎಂದು ಚರಿತ್ರಕಾರರು ಸಾಮಾನ್ಯವಾಗಿ ಎಣಿಸುವರು. ತಂತಿ ವರ್ತಮಾನದ ಯಂತ್ರದಿಂದ ಹೆಸರಾದ ಅಮೆರಿಕದ ಸ್ಯಾಮ್ಯುಯೆಲ್ ಮೋರ್ಸನು ೧೮೩೯ರಲ್ಲಿ ಡಾಗೇರನ ಚಿತ್ರಗಳನ್ನು ನೋಡಿ, ತನ್ನ ಸೋದರನಿಗೆ ಬರೆದ ಪತ್ರದಲ್ಲಿ ಈ ವಿಚಿತ್ರವನ್ನು ವರ್ಣಿಸಿದನು. ಕದಲದಿದ್ದ ಕಾಲುಗಳು ಸ್ಪಷ್ಟವಾಗಿ ಮೂಡಿದ್ದುವೆಂದೂ, ಅಲುಗಾಡಿದ ಮೈಯೂ ತಲೆಯೂ ಮೂಡಲಿಲ್ಲವೆಂದೂ ಆತನು ಬರೆದನು. ಆ ಕಾಲದ ಯಂತ್ರವು ನಿಂತವರನ್ನಲ್ಲದೆ ನಡೆಯುವವರನ್ನು ಕಾಣಲಾರದಾಗಿದ್ದಿತು.

ಸುಮಾರು ನಾಲ್ವತ್ತು ವರ್ಷಗಳ ತರುವಾಯ ಜಾನ್ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು ಲಂಡನ್ನಿನ ಬಡವರ ಬೀದಿಗಳಿಗೆ ತನ್ನ ಯಂತ್ರವನ್ನು ಕೊಂಡೊಯ್ದನು. ಅದಕ್ಕೆ ಮೊದಲು ಆತನು ಚೀನಾ ಮೊದಲಾದ ಪೂರ್ವದೇಶಗಳಲ್ಲಿ ಅನೇಕ ವರ್ಷ ಸಂಚರಿಸಿದ್ದವನು. ಅಡಾಲ್ಫ್ ಸ್ಮಿತ್ ಎಂಬ ಪತ್ರಿಕಾಕರ್ತನೊಡನೆ ಸೇರಿ ಆತನು ೧೮೭೭ರ ಫೆಬ್ರವರಿಯಿಂದ 'ಸ್ಟ್ರೀಟ್ ಲೈಫ್ ಇನ್ ಲಂಡನ್' ಎಂಬ ಮಾಸಿಕ ಸಂಚಿಕೆಗಳನ್ನು ಪ್ರಕಟಿಸಿದನು. ಅವುಗಳಲ್ಲಿ ಒಟ್ಟು ೩೬ ಚಿತ್ರಗಳಿದ್ದುವು. ದೊಡ್ಡ ಯಂತ್ರವನ್ನು ಮುಕ್ಕಾಲು ಪೀಠದ ಮೇಲೆ ನಿಲ್ಲಿಸಿ ಚಿತ್ರ ತೆಗೆಯಬೇಕಾಗಿದ್ದುದರಿಂದ, ಎದುರಿನವರು ಒಪ್ಪಿ ಕದಲದೆ ಇರುವುದು ಅವಶ್ಯವಾಗಿದ್ದಿತು. ಹಾಗೆ ಒಪ್ಪಿಸಬೇಕಾದರೆ ಮಾತನಾಡಿಸಲೇಬೇಕು. ಮಾತನಾಡಿಸಿದ ಮೇಲೆ ಅವರ ಸುಖದುಃಖಗಳನ್ನು ಕೇಳಲೇಬೇಕು.

ಆ ಗ್ರಂಥದ ಪ್ರಸಿದ್ಧ ಚಿತ್ರವೊಂದರಲ್ಲಿ ಬಡ ಹೆಂಗಸೊಬ್ಬಳು ಕಲ್ಲಿನ ಮೆಟ್ಟಿಲ ಮೇಲೆ, ಮಡಿಲಲ್ಲಿ ಕೂಸನ್ನಿಟ್ಟುಕೊಂಡು ಗೋಡೆಗೊರಗಿ ಕುಳಿತಿರುವಳು. ನೋಡಿದವರು ಆಕೆಯನ್ನು ತಾಯಿಯೆಂದೇ ತಿಳಿಯುವರು. ಆದರೆ ಕೂಸು ಆಕೆಯದಲ್ಲ. ಅದರ ತಾಯಿಯು ಕಾಫಿಯ ಅಂಗಡಿಯಲ್ಲಿ ದುಡಿಯುತ್ತಿದ್ದವಳು. ಆಕೆ ಹಿಂದಿರುಗುವವರೆಗೆ ಮಗುವನ್ನು ನೋಡಿಕೊಂಡುದಕ್ಕೆ ಈಕೆಗೆ ಸಿಕ್ಕುತ್ತಿದ್ದ ಪ್ರತಿಫಲವು ಸ್ವಲ್ಪ ಚಹವೂ ರೊಟ್ಟಿಯೂ ಮಾತ್ರ. ಈ ವೃತ್ತಾಂತವು ಚಿತ್ರದೊಡನೆ ಅಚ್ಚಾಗಿರದಿದ್ದರೆ ಯಾವ ಕಣ್ಣಿಗೂ ತಿಳಿಯುತ್ತಿರಲಿಲ್ಲ. ಯಂತ್ರದ ಜಡತ್ವವೇ ಚಿತ್ರಕಾರನಿಗೂ ಬಡವರಿಗೂ ಪರಿಚಯವನ್ನುಂಟುಮಾಡಿತೆನ್ನಬಹುದು.

ಈ ನಿರ್ಬಂಧವು ಬಹುಕಾಲ ಉಳಿಯಲಿಲ್ಲ. ರಿಚರ್ಡ್ ಮ್ಯಾಡಾಕ್ಸ್ ಎಂಬ ಆಂಗ್ಲ ವೈದ್ಯನು ೧೮೭೧ರಲ್ಲಿ ಸೂಚಿಸಿದ ಜೆಲಟಿನ್ ಲೇಪದ ಒಣ ಫಲಕಗಳು ಮುಂದೆ ಸುಧಾರಣೆ ಹೊಂದಿ, ಕ್ಷಣಾರ್ಧದಲ್ಲಿ ಬಿಂಬವನ್ನು ಹಿಡಿಯಲು ಸಮರ್ಥವಾದುವು. ೧೮೮೮ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ನನು ೨೫ ಡಾಲರ್ ಬೆಲೆಯ ಕೊಡಕ್ ಕ್ಯಾಮೆರಾವನ್ನು ಮಾರಾಟಕ್ಕೆ ತಂದನು. ಅದರೊಳಗಿನ ಸುರುಳಿಯಲ್ಲಿ ೧೦೦ ಚಿತ್ರಗಳಿಗೆ ಅವಕಾಶವಿದ್ದಿತು. ಎರಡೇ ವರ್ಷಗಳ ಮೇಲೆ, ೧೮೯೦ರಲ್ಲಿ, ಬಾಸ್ಟನ್ನಿನ ವಕೀಲರಾದ ಸ್ಯಾಮ್ಯುಯೆಲ್ ವಾರನ್ ಮತ್ತು ಲೂಯಿ ಬ್ರಾಂಡೈಸ್ ಎಂಬುವರು ಹಾರ್ವರ್ಡಿನ ನ್ಯಾಯಶಾಸ್ತ್ರ ಪತ್ರಿಕೆಯಲ್ಲಿ ಮನುಷ್ಯನ ಏಕಾಂತದ ಹಕ್ಕನ್ನು ಕುರಿತು ಲೇಖನ ಬರೆದರು. ಕ್ಷಣಮಾತ್ರದಲ್ಲಿ ತೆಗೆಯುವ ಛಾಯಾಚಿತ್ರಗಳೂ ವೃತ್ತಪತ್ರಿಕೆಗಳೂ ಖಾಸಗಿ ಬಾಳಿನೊಳಗೆ ನುಗ್ಗುತ್ತಿವೆ ಎಂಬುದು ಅವರ ಆಕ್ಷೇಪ. ಒಪ್ಪಿಗೆಯು ಯಂತ್ರಕ್ಕೆ ಬೇಡವಾದೊಡನೆ ಅದು ಕಾನೂನಿನ ಪ್ರಶ್ನೆಯಾಯಿತು.

ಅದೇ ದಶಕದಲ್ಲಿ, ಈಗ ಆಸ್ಲೋ ಎನಿಸಿಕೊಳ್ಳುವ ನಾರ್ವೆಯ ಕ್ರಿಸ್ತಿಯಾನಿಯ ನಗರದಲ್ಲಿ ಕಾರ್ಲ್ ಸ್ಟ್ಯೋರ್ಮರ್ ಎಂಬ ವಿದ್ಯಾರ್ಥಿಯಿದ್ದನು. ಮುಂದೆ ಗಣಿತಜ್ಞನಾಗಿಯೂ ಧ್ರುವಪ್ರಭೆಯ ಸಂಶೋಧಕನಾಗಿಯೂ ಕೀರ್ತಿ ಪಡೆದವನೀತನು. ಪರಿಚಯವಿಲ್ಲದ ಯುವತಿಯೊಬ್ಬಳಲ್ಲಿ ತನಗೆ ಅನುರಾಗವುಂಟಾಗಿದ್ದಿತೆಂದೂ, ಮಾತನಾಡಿಸಲು ನಾಚಿಕೆಪಟ್ಟು ಆಕೆಯ ಚಿತ್ರವನ್ನಾದರೂ ಪಡೆಯಲು ಕ್ಯಾಮೆರಾ ಕೊಂಡೆನೆಂದೂ ಆತನು ವೃದ್ಧಾಪ್ಯದಲ್ಲಿ ಹೇಳಿದನು. ಆ ಯಂತ್ರವು ತಟ್ಟೆಯಂತೆ ದುಂಡಗಿದ್ದು ವೇಸ್ಟ್‌ಕೋಟಿನೊಳಗೆ ಅಡಗುವಂಥದು. ಮಸೂರವು ಗುಂಡಿಯ ಕಾಜಿನಿಂದ ಇಣುಕುತ್ತಿದ್ದಿತು; ಜೇಬಿನೊಳಗಿನ ದಾರವನ್ನೆಳೆದರೆ ಚಿತ್ರವಾಗುತ್ತಿದ್ದಿತು. ಒಂದು ಫಲಕದಲ್ಲಿ ಆರು ಚಿತ್ರಗಳು. ನಾಟಕಕಾರ ಇಬ್ಸೆನ್ನನನ್ನೂ ಸೇರಿಸಿ ಸುಮಾರು ೫೦೦ ಚಿತ್ರಗಳನ್ನು ಆತನು ಹೀಗೆ ತೆಗೆದನು. ಅವು ವಿದ್ಯಾರ್ಥಿಯೊಬ್ಬನ ಚೇಷ್ಟೆಯೆಂದರೂ ಸಲ್ಲುವುದು. ಆದರೆ ಸ್ಟುಡಿಯೋದ ಬಿಗುವಿಲ್ಲದೆ ಬೀದಿಯಲ್ಲಿ ನಗುತ್ತ ನಡೆದ ಆ ಕಾಲದ ಜನರನ್ನು ಇಂದಿನವರಿಗೆ ತೋರಿಸುವ ಅಪೂರ್ವ ಸಾಧನಗಳೂ ಅವೇ.

ಚೇಷ್ಟೆಯಾಗಿದ್ದುದನ್ನು ಕಲೆಯ ಗಾಂಭೀರ್ಯಕ್ಕೆ ಏರಿಸಿದವನು ನ್ಯೂಯಾರ್ಕಿನ ಪಾಲ್ ಸ್ಟ್ರಾಂಡ್. ೧೮೯೦ರಲ್ಲಿ ಜನಿಸಿದ ಈತನು ೧೯೧೬ರ ಸುಮಾರಿನಲ್ಲಿ ಅದೇ ನಗರದ ಬಡ ಕೇರಿಗಳಲ್ಲಿ ಅಪರಿಚಿತರ ಮುಖಗಳನ್ನು ಸಮೀಪದಿಂದ ತೆಗೆಯಲು ತೊಡಗಿದನು. ತಮ್ಮ ಚಿತ್ರ ತೆಗೆಯುತ್ತಿರುವುದು ತಿಳಿದರೆ ಜನರ ಮುಖಭಾವವು ಮಾರ್ಪಡುವುದೆಂದು ಆತನು ಕ್ಯಾಮೆರಾದ ಪಕ್ಕಕ್ಕೆ ಹೊಳೆಯುವ ಹುಸಿ ಮಸೂರವೊಂದನ್ನು ಜೋಡಿಸಿದನು. ಅದು ಬೇರೆ ದಿಕ್ಕಿಗೆ ಮುಖ ಮಾಡಿರುವಾಗ ನಿಜವಾದ ಮಸೂರವು ಎದುರಿನವರನ್ನು ನೋಡುತ್ತಿದ್ದಿತು. ಹೀಗೆ ದೊರೆತ ಚಿತ್ರಗಳಲ್ಲಿ ಶ್ರೇಷ್ಠವಾದುದು ಒಬ್ಬ ಕುರುಡಿಯದು. ಬೀದಿಯ ವ್ಯಾಪಾರಕ್ಕೆ ನಗರವು ಕೊಟ್ಟ ಪರವಾನಗಿಯ ಬಿಲ್ಲೆಯೂ, ಕುರುಡಿ ಎಂಬ ಬರಹದ ಫಲಕವೂ ಆಕೆಯ ಎದೆಯ ಮೇಲಿವೆ. ಆಲ್‌ಫ್ರೆಡ್ ಸ್ಟೀಗ್ಲಿಟ್ಸನು 'ಕ್ಯಾಮೆರಾ ವರ್ಕ್' ಎಂಬ ತನ್ನ ಪತ್ರಿಕೆಯ ೧೯೧೭ರ ಕಡೆಯ ಸಂಚಿಕೆಯಲ್ಲಿ ಇದನ್ನು ಪ್ರಕಟಿಸಿದನು. ಕಣ್ಣುಳ್ಳವರನ್ನು ವಂಚಿಸಲು ರಚಿಸಿದ ಉಪಾಯದ ಅತ್ಯುತ್ತಮ ಫಲವು, ಯಾವ ಉಪಾಯವೂ ಬೇಕಿಲ್ಲದ ಈ ಹೆಂಗಸಿನ ಚಿತ್ರವಾದುದು ವಿಧಿಯ ವಿಪರ್ಯಾಸ.

ಈ ಚಿತ್ರವನ್ನು ನೋಡಿ ಸ್ಫೂರ್ತಿಗೊಂಡ ವಾಕರ್ ಎವಾನ್ಸನು ೧೯೩೮ರಿಂದ ೧೯೪೧ರವರೆಗೆ ನ್ಯೂಯಾರ್ಕಿನ ನೆಲದಡಿಯ ರೈಲುಗಳಲ್ಲಿ ಎದುರು ಕುಳಿತವರ ಮುಖಗಳನ್ನು ಸಂಗ್ರಹಿಸಿದನು. ಸಣ್ಣ ಕ್ಯಾಮೆರಾವನ್ನು ಕೋಟಿನೊಳಗೆ ಅಡಗಿಸಿ, ಅದರ ತಂತಿಯನ್ನು ತೋಳಿನೊಳಗಿಂದ ಅಂಗೈಗೆ ತಂದುಕೊಂಡಿದ್ದನು. ಆದರೆ ಆ ಸಂಗ್ರಹವು ಗ್ರಂಥರೂಪದಲ್ಲಿ ಹೊರಬಂದುದು ೧೯೬೬ರಲ್ಲಿ. ತಾನು ಮಾಡಿದುದು ಒಂದು ಅತಿಕ್ರಮಣವೆಂದು ಒಪ್ಪಿಕೊಂಡು, ಕಾಲವು ಕಳೆದುದರಿಂದ ಅದರ ಒರಟುತನವು ಕೊಂಚ ಮೃದುವಾಗಿರುವುದೆಂದು ಆತನು ಭಾವಿಸಿದನು. ಕಾಪಾಡುವ ಕಾನೂನಾಗಲಿ ತಡೆಯುವ ಯಂತ್ರವಾಗಲಿ ಇಲ್ಲದ ಎಡೆಯಲ್ಲಿ, ಇಪ್ಪತ್ತೈದು ವರ್ಷಗಳ ಕಾಯುವಿಕೆಯು ಒಬ್ಬ ಕಲಾವಿದನು ತಾನಾಗಿ ತೆತ್ತ ತಪ್ಪುಕಾಣಿಕೆಯಂತಿದೆ.

ಇಂದು ಜೇಬು ಜೇಬಿನಲ್ಲಿಯೂ ಕ್ಯಾಮೆರಾ ಇರುವುದು, ಕಾಯುವವರು ವಿರಳ. ಮರೆಯಿಂದ ತೆಗೆದ ಚಿತ್ರದಲ್ಲಿ ಮುಖವು ನಿಜವಾಗಿ ಕಾಣುವುದೆಂಬುದನ್ನು ಸ್ಟ್ರಾಂಡನೂ ಎವಾನ್ಸನೂ ತೋರಿಸಿಕೊಟ್ಟಿರುವುದು ಸತ್ಯ. ಆದರೆ ಆ ಕುರುಡಿಯ ವಿಷಯದಲ್ಲಿ ಚಿತ್ರವು ತಿಳಿಸುವುದು ಆಕೆಯ ಬಿಲ್ಲೆಯ ಅಂಕಿಯನ್ನು ಮಾತ್ರ. ಲಂಡನ್ನಿನ ಮೆಟ್ಟಿಲ ಮೇಲೆ ಕುಳಿತವಳ ವಿಷಯದಲ್ಲಿಯಾದರೋ, ಮಡಿಲಿನ ಮಗುವು ಯಾರದೆಂಬುದೂ, ಸಂಜೆಗೆ ಆಕೆಗೆ ಸಿಕ್ಕುತ್ತಿದ್ದುದು ಏನೆಂಬುದೂ ತಿಳಿದಿರುವುದು. ಅದಕ್ಕೆ ಕಾರಣವು ಮಸೂರದ ಗುಣವಲ್ಲ. ಚಿತ್ರದೊಡನೆ ಆಕೆಯನ್ನು ಮಾತನಾಡಿಸಿ ಕೇಳಿದವರೂ ಇದ್ದರೆಂಬುದೇ.