ತಿರುಗಿಕೊಳ್ಳುವುದು: ಕ್ರೈಸ್ತಮತದಲ್ಲಿ ಪಶ್ಚಾತ್ತಾಪದ ಅರ್ಥ

ಶಹಾಬಾದ, ವಾಡಿ ಮೊದಲಾದ ಊರುಗಳಲ್ಲಿ ಕ್ರೈಸ್ತ ಕುಟುಂಬಗಳು ನಮಗೆ ನೆರೆಯವರಾಗಿವೆ. ಆದರೂ “ಅವರಲ್ಲಿ ತಪ್ಪೊಪ್ಪಿಕೊಂಡರಾಯಿತು, ಪಾಪವು ಹೋಯಿತು” ಎಂಬ ಹಗುರ ಮಾತು ನಮ್ಮವರಲ್ಲಿ ಆಗಾಗ ಕೇಳಿಬರುವುದುಂಟು. ಈ ಮಾತು ನಿಜವೇ ಎಂಬುದನ್ನು ಆ ಶಬ್ದದ ಚರಿತ್ರೆಯಿಂದಲೇ ವಿಚಾರಿಸೋಣ.

ಯೆಹೂದ್ಯರ ಪ್ರವಾದಿಗಳು ಜನರನ್ನು ಎಚ್ಚರಿಸುವಾಗ ಬಳಸಿದ ಹೀಬ್ರೂ ಧಾತು ‘ಶೂಬ್’. ಅದಕ್ಕೆ ಹಿಂದಿರುಗು ಎಂದರ್ಥ. ಗ್ರೀಕ್ ಭಾಷೆಯ ಹೊಸ ಒಡಂಬಡಿಕೆಯಲ್ಲಿ ಸ್ನಾನಿಕ ಯೋಹಾನನ ಮತ್ತು ಯೇಸುವಿನ ಮೊದಲ ಬೋಧನೆಯೇ ‘ಮೆಟನೋಯ’; ಎಂದರೆ ಮನಸ್ಸಿನ ಪರಿವರ್ತನೆ. ಲ್ಯಾಟಿನ್ ಅನುವಾದದಲ್ಲಿ ಇದು ‘ಪೇನಿಟೆನ್ಶಿಯ’ ಎಂದಾಯಿತು. ಕಾಲಕ್ರಮದಲ್ಲಿ ಜನರು ಆ ಶಬ್ದಕ್ಕೆ ವಿಧಿಸಿದ ದಂಡವನ್ನು ತೀರಿಸುವುದೆಂಬ ಅರ್ಥವನ್ನೇ ಹೆಚ್ಚಾಗಿ ಗ್ರಹಿಸಿದರು. ಕೊನೆಗೆ ಹಣಕ್ಕೆ ಕ್ಷಮಾಪತ್ರಗಳೂ ದೊರೆಯತೊಡಗಿದವು. 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರನು ಇದನ್ನು ಪ್ರತಿಭಟಿಸಿ 95 ಸೂತ್ರಗಳನ್ನು ಪ್ರಕಟಿಸಿದನು. ವಿಶ್ವಾಸಿಯ ಬಾಳೆಲ್ಲವೂ ಪಶ್ಚಾತ್ತಾಪಮಯವಾಗಿರಬೇಕು ಎಂಬುದೇ ಅವುಗಳಲ್ಲಿ ಮೊದಲನೆಯದರ ತಾತ್ಪರ್ಯ.

ಇದೇ ಶಬ್ದವು ಕನ್ನಡಕ್ಕೆ ಬರುವಾಗ ಅನುವಾದಕರ ಮುಂದೆಯೂ ಕಠಿನ ಪ್ರಶ್ನೆಯಿದ್ದಿತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು ಬೈಬಲ್ಲನ್ನು ಕನ್ನಡಿಸಿದನು. ಮುಂದೆ ಬಾಸೆಲ್ ಮಿಷನ್ನಿನ ಪಂಡಿತರು ಆ ಕಾರ್ಯವನ್ನು ಪರಿಷ್ಕರಿಸಿದರು. ‘ಪ್ರಾಯಶ್ಚಿತ್ತ’ವೆಂದರೆ ಕರ್ಮವಿಧಿಯ ನೆನಪು ಬರುವುದು, ‘ಪಶ್ಚಾತ್ತಾಪ’ವೆಂದರೆ ಮಾಡಿದ ಮೇಲೆ ಬೇಯುವುದಷ್ಟೆ. ಕನ್ನಡ ಬೈಬಲ್ಲುಗಳಲ್ಲಿ ‘ಮಾನಸಾಂತರ’ವೆಂಬ ಸಂಸ್ಕೃತ ಸಮಾಸವೂ ‘ದೇವರ ಕಡೆಗೆ ತಿರುಗಿಕೊಳ್ಳುವುದು’ ಎಂಬ ಅಚ್ಚಗನ್ನಡದ ನುಡಿಯೂ ನಿಂತಿವೆ. ಎರಡನೆಯದು ಪ್ರವಾದಿಗಳ ಮೂಲ ಧಾತುವಿಗೆ ಅತಿ ಸಮೀಪವಾಗಿದೆಯೆಂದು ನನ್ನ ಅಭಿಪ್ರಾಯ.

ತಾಪಕ್ಕೂ ತಿರುಗುವಿಕೆಗೂ ಇರುವ ಅಂತರವನ್ನು ಯೇಸುವಿನ ಇಬ್ಬರು ಶಿಷ್ಯರಲ್ಲಿ ಕಾಣಬಹುದು. ಗುರುವನ್ನು ಹಿಡಿದುಕೊಟ್ಟ ಯೂದನು ಬೆಂದನು, ಪಡೆದ 30 ಬೆಳ್ಳಿನಾಣ್ಯಗಳನ್ನು ಹಿಂದಕ್ಕೆ ಎಸೆದನು. ಆದರೆ ಗುರುವಿನ ಕಡೆಗೆ ತಿರುಗದೆ ಉರುಲು ಹಾಕಿಕೊಂಡನು. ಅವನ ದುಃಖಕ್ಕೆ ಮತ್ತಾಯನ ಗ್ರಂಥವು ‘ಮೆಟನೋಯ’ವನ್ನು ಬಳಸದೆ ಬೇರೊಂದು ಶಬ್ದವನ್ನೇ ಇರಿಸಿದೆ. ಗುರುವನ್ನು ಅರಿಯೆನೆಂದು ಮೂರು ಬಾರಿ ನುಡಿದ ಪೇತ್ರನೂ ವ್ಯಥೆಯಿಂದ ಅತ್ತನು. ಆದರೆ ಮರಳಿ ಬಂದು ಸಭೆಗೆ ಆಧಾರವಾದನು.

ನಮ್ಮ ಧರ್ಮಶಾಸ್ತ್ರಕ್ಕೂ ಈ ವಿವೇಕವು ಹೊಸದಲ್ಲ. ಮನುಸ್ಮೃತಿಯ 11ನೆಯ ಅಧ್ಯಾಯವು ಪಾಪಿಗೆ ಸಂತಾಪವನ್ನು ಹೇಳಿ, ಇನ್ನು ಹೀಗೆ ಮಾಡೆನೆಂಬ ನಿವೃತ್ತಿಯಿಂದ ಅವನು ಶುದ್ಧನಾಗುವನೆಂದು ಸೇರಿಸುತ್ತದೆ. ನಿವೃತ್ತಿಯೆಂದರೂ ಹಿಂದಿರುಗುವುದೇ ಅಲ್ಲವೆ? ಭೇದವಿಲ್ಲವೆಂದಲ್ಲ. ಕ್ಷಮೆಯು ಸಾಧಕನ ಸಂಪಾದನೆಯಲ್ಲ, ದೇವರ ಕೃಪೆ ಎಂಬುದು ಕ್ರೈಸ್ತರ ನಿಶ್ಚಯ. ದಾರಿತಪ್ಪಿದ ಮಗನು ಮನೆಯ ಕಡೆಗೆ ಹೊರಟಾಗ ತಂದೆಯೇ ಓಡಿಬಂದು ಅಪ್ಪಿಕೊಳ್ಳುವ ಲೂಕನ ಕಥೆಯ ಮರ್ಮವಿದು. ಕಥೋಲಿಕರು ವಿಭೂತಿ ಬುಧವಾರದಂದು ಹಣೆಗೆ ಬೂದಿಯನ್ನು ಧರಿಸಿ 40 ದಿನಗಳ ತಪಸ್ಸುಕಾಲವನ್ನು ಆರಂಭಿಸುವುದೂ ಈ ಮರಳುವಿಕೆಗಾಗಿಯೇ.

ಹೀಗಿರಲು, ಅವರಲ್ಲಿ ಕ್ಷಮೆಯು ಸುಲಭವೆಂಬ ಮಾತು ಸಲ್ಲದು. ಕೃಪೆಗೆ ಬೆಲೆಯಿಲ್ಲವೆಂಬುದು ದಿಟ. ಆದರೆ ಬೆನ್ನುಮಾಡಿ ನಿಂತವನು ಮುಖ ತಿರುಗಿಸುವುದು ಯಾವ ಮತದವನಿಗೂ ಸುಲಭವಲ್ಲ.